ಸಿಟ್ರೇಟ್ ಯಾವ ಬಾಗಿಲಿನಿಂದ ಒಳಹೋಯಿತು? ಟಿಸಿಡಿಬಿ ಸೇವೆಯ ವಿಮರ್ಶೆ

ಸೂಕ್ಷ್ಮಜೀವಶಾಸ್ತ್ರದ ಪದವಿ ಪ್ರಯೋಗಾಲಯದಲ್ಲಿ, ಬ್ಯಾಕ್ಟೀರಿಯ ಸಿಟ್ರೇಟನ್ನು ಬಳಸಬಲ್ಲದೇ ಎಂದು ಬಣ್ಣದಿಂದ ತಿಳಿಸುವ ಸಿಮ್ಮನ್ಸ್ ಸಿಟ್ರೇಟ್ ಅಗಾರ್ ಪರೀಕ್ಷೆಯನ್ನು ಮಾಡದ ವಿದ್ಯಾರ್ಥಿ ಇರಲಾರರು. 37 ಡಿಗ್ರಿಯಲ್ಲಿ ಇಟ್ಟಿದ್ದ ನಳಿಕೆಗಳನ್ನು ಹೊರತೆಗೆದಾಗ ಕ್ಲೆಬ್ಸಿಯೆಲ್ಲಾ ಬೆಳೆದದ್ದು ಕಡುನೀಲಿಗೆ ತಿರುಗಿರುತ್ತದೆ, ಇ. ಕೋಲಿ ಹಾಕಿದ್ದು ಹಸಿರಾಗಿಯೇ ಉಳಿದಿರುತ್ತದೆ. 'ಇ. ಕೋಲಿಗೆ ಸಿಟ್ರೇಟನ್ನು ಬಳಸುವ ಕಿಣ್ವಗಳಿಲ್ಲ' ಎಂಬ ವಾಕ್ಯವನ್ನು ಎಷ್ಟೋ ರೆಕಾರ್ಡ್ ಪುಸ್ತಕಗಳಲ್ಲಿ ನಾನು ತಿದ್ದಿದ್ದೇನೆ. ಕಿಣ್ವಗಳು ಇವೆ, ಕೋಶದೊಳಗೆ ಸಿಟ್ರಿಕ್ ಆಮ್ಲ ಚಕ್ರ ನಡೆಯುತ್ತಲೇ ಇರುತ್ತದೆ. ಆಮ್ಲಜನಕ ಇರುವಾಗ ಹೊರಗಿನ ಸಿಟ್ರೇಟನ್ನು ಒಳಗೆ ತರುವ ಪ್ರೋಟೀನು ಮಾತ್ರ ಕೋಶಪೊರೆಯಲ್ಲಿ ಇರುವುದಿಲ್ಲ. ಇದನ್ನು ತರಗತಿಯಲ್ಲಿ ವಿವರಿಸುವುದಕ್ಕಾಗಿ ಹಲವು ವರ್ಷಗಳಿಂದ ನಾನು ನೆಚ್ಚಿಕೊಂಡಿರುವ ಜಾಲತಾಣ ಟಿಸಿಡಿಬಿ, ಅಂದರೆ ಟ್ರಾನ್ಸ್‌ಪೋರ್ಟರ್ ಕ್ಲಾಸಿಫಿಕೇಶನ್ ಡೇಟಾಬೇಸ್.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕೇಂದ್ರದಲ್ಲಿ ಮಿಲ್ಟನ್ ಸೈಯರ್ ಅವರ ತಂಡ ಕಟ್ಟಿ ಬೆಳೆಸಿದ ಈ ಸಂಗ್ರಹವನ್ನು ಯಾರಾದರೂ ಉಚಿತವಾಗಿ ಬಳಸಬಹುದು. ಪ್ರತಿಯೊಂದು ಸಾಗಣೆ ಪ್ರೋಟೀನಿಗೂ ಇಲ್ಲಿ ಐದು ಭಾಗಗಳ ಸಂಖ್ಯೆಯೊಂದಿದೆ. ಮೊದಲ ಅಂಕಿ ಸಾಗಣೆಯ ಬಗೆಯನ್ನು ಹೇಳುತ್ತದೆ: 1 ಎಂದರೆ ಕಾಲುವೆ ಅಥವಾ ರಂಧ್ರ, 2 ಎಂದರೆ ಪೊರೆಯ ಎರಡು ಬದಿಗಳ ನಡುವಿನ ವಿದ್ಯುತ್-ರಾಸಾಯನಿಕ ವ್ಯತ್ಯಾಸದಿಂದ ನಡೆಯುವ ವಾಹಕ, 3 ಎಂದರೆ ಎಟಿಪಿಯಂಥ ಮೂಲದಿಂದ ನೇರವಾಗಿ ಶಕ್ತಿ ಪಡೆಯುವ ಪಂಪು. ಮುಂದಿನ ಭಾಗಗಳು ಉಪವರ್ಗ, ಕುಟುಂಬ, ಉಪಕುಟುಂಬಗಳನ್ನು ದಾಟಿ ಒಂದೊಂದು ವಾಹಕದವರೆಗೆ ಇಳಿಯುತ್ತವೆ. ಪ್ರೋಟೀನಿನ ಪುಟದಲ್ಲಿ ಜೀವಿಯ ಹೆಸರು, ಅಮೈನೋ ಆಮ್ಲಗಳ ಸಂಖ್ಯೆ, ಅದು ಪೊರೆಯನ್ನು ಎಷ್ಟು ಬಾರಿ ದಾಟುತ್ತದೆ ಎಂಬ ಲೆಕ್ಕ ಎಲ್ಲವೂ ಸಿಗುತ್ತವೆ.

ಈ ಕ್ರಮದ ಬೆಲೆ ಗೊತ್ತಾಗಬೇಕಾದರೆ ಸಾವಯವ ಆಮ್ಲಗಳನ್ನೇ ಹುಡುಕಬೇಕು. ತಟಸ್ಥ ಪಿಎಚ್‌ನಲ್ಲಿ ಸಿಟ್ರೇಟ್, ಮ್ಯಾಲೇಟ್, ಲ್ಯಾಕ್ಟೇಟ್‌ಗಳು ಋಣ ವಿದ್ಯುದಂಶ ಹೊತ್ತಿರುವುದರಿಂದ ಪೊರೆಯ ಕೊಬ್ಬಿನ ಪದರವನ್ನು ತಾವಾಗಿ ದಾಟಲಾರವು. ವಾಹಕ ಬೇಕೇ ಬೇಕು. ಸಿಟ್ರೇಟ್ ಒಂದಕ್ಕೇ ಎಷ್ಟು ಬಾಗಿಲುಗಳಿವೆ ನೋಡಿ. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ ಪ್ರೋಟಾನಿನ ಜೊತೆ ಸಿಟ್ರೇಟನ್ನು ಎಳೆದುಕೊಳ್ಳುವ ಸಿಟ್‌ಎಚ್ ವಾಹಕ 2.ಎ.1ರ ದೊಡ್ಡ ಕುಟುಂಬಕ್ಕೆ ಸೇರಿದರೆ, ಅದೇ ಬ್ಯಾಕ್ಟೀರಿಯ ಆಮ್ಲಜನಕ ಇಲ್ಲದಾಗ ಸೋಡಿಯಂ ನೆರವಿನಿಂದ ಬಳಸುವ ಸಿಟ್‌ಎಸ್ 2.ಎ.24ರಲ್ಲಿ ಕುಳಿತಿದೆ. ಬ್ಯಾಸಿಲಸ್ ಸಬ್ಟಿಲಿಸ್ ಮೆಗ್ನೀಸಿಯಂ ಕಚ್ಚಿಕೊಂಡ ಸಿಟ್ರೇಟನ್ನೇ ಇಡಿಯಾಗಿ ಒಳಗೆ ತೆಗೆದುಕೊಳ್ಳುತ್ತದೆ. ಆ ಸಿಟ್‌ಎಂ 2.ಎ.11ರಲ್ಲಿದೆ. ಇ. ಕೋಲಿ ಆಮ್ಲಜನಕ ಇಲ್ಲದಾಗ ಬಳಸುವ ಸಿಟ್‌ಟಿ 2.ಎ.47ರಲ್ಲಿದೆ. ಹೆಸರುಗಳನ್ನಷ್ಟೇ ನೋಡಿದರೆ ಇವೆಲ್ಲ ಒಡಹುಟ್ಟಿದವು ಎನಿಸುತ್ತದೆ. ಸಂಖ್ಯೆ ನೋಡಿದರೆ ಬೇರೆ ಬೇರೆ ವಂಶಗಳು ಒಂದೇ ಕೆಲಸಕ್ಕೆ ನಿಂತಿರುವುದು ಕಣ್ಣಿಗೆ ಬೀಳುತ್ತದೆ. ಬೇರಾವ ಸಂಗ್ರಹದಿಂದಲೂ ನನ್ನ ವಿದ್ಯಾರ್ಥಿಗಳಿಗೆ ಈ ತಿಳಿವಳಿಕೆ ಇಷ್ಟು ಬೇಗ ಬಂದದ್ದನ್ನು ನಾನು ಕಂಡಿಲ್ಲ.

2.ಎ.24ರ ಪುಟದಲ್ಲಿ ಇನ್ನಷ್ಟು ಹೊತ್ತು ನಿಲ್ಲಬೇಕು. ಇಡ್ಲಿ ಹಿಟ್ಟಿನಲ್ಲಿಯೂ ಕಾಣಸಿಗುವ ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯದ ಸಿಟ್‌ಪಿ ಈ ಕುಟುಂಬದ್ದು. ಅದು ಎರಡು ಋಣ ವಿದ್ಯುದಂಶಗಳ ಸಿಟ್ರೇಟನ್ನು ಒಳಗೆ ಬಿಟ್ಟುಕೊಂಡು, ಒಂದೇ ವಿದ್ಯುದಂಶದ ಲ್ಯಾಕ್ಟೇಟನ್ನು ಹೊರಗೆ ಕಳುಹಿಸುತ್ತದೆ. ಪ್ರತಿ ವಿನಿಮಯದಲ್ಲೂ ಕೋಶದೊಳಗೆ ಒಂದು ಋಣ ವಿದ್ಯುದಂಶ ಹೆಚ್ಚಾಗುವುದರಿಂದ ಪೊರೆಯ ವಿದ್ಯುದ್ವಿಭವ ಬೆಳೆಯುತ್ತದೆ, ಅಂದರೆ ಈ ಸಾಗಣೆಯಿಂದ ಕೋಶಕ್ಕೆ ಖರ್ಚಿನ ಬದಲು ಗಳಿಕೆಯಾಗುತ್ತದೆ. ಒಳಬಂದ ಸಿಟ್ರೇಟಿನಿಂದಲೇ ಬೆಣ್ಣೆಯ ಪರಿಮಳದ ಡೈಅಸಿಟೈಲ್ ಹುಟ್ಟುತ್ತದೆ. ಹಾಗೆಯೇ 2.ಎ.23ರಲ್ಲಿ ಬೇರುಗಂಟಿನ ರೈಜೋಬಿಯಂ ತನ್ನ ಆಶ್ರಯದಾತ ಗಿಡದಿಂದ ಮ್ಯಾಲೇಟ್ ಪಡೆಯುವ ಡಿಸಿಟಿಎ ಇದೆ. ಈ ವಾಹಕ ಕೆಟ್ಟರೆ ಗಂಟುಗಳು ಮೂಡಿದರೂ ಸಾರಜನಕ ಸ್ಥಿರೀಕರಣ ನಡೆಯುವುದಿಲ್ಲ. ನಮ್ಮ ಮಿದುಳಿನಲ್ಲಿ ಗ್ಲುಟಮೇಟನ್ನು ಹೀರುವ ವಾಹಕಗಳೂ ಇದೇ ಕುಟುಂಬದವು ಎಂದು ಓದಿದ ದಿನ ನನಗಾದ ಬೆರಗು ಇನ್ನೂ ಮಾಸಿಲ್ಲ.

ಇನ್ನು ಕೊರತೆಗಳು. ಕುಟುಂಬಗಳಿಗೆ ಮೊದಲು ಇಟ್ಟ ಹೆಸರುಗಳು ಎಲ್ಲ ಸದಸ್ಯರಿಗೂ ಹೊಂದುವುದಿಲ್ಲ. 2.ಎ.47ರ ಹೆಸರಿನಲ್ಲಿ ಸೋಡಿಯಂ ಜೊತೆಗಿನ ಸಹಸಾಗಣೆ ಎಂದಿದೆ. ಆದರೆ ಅಲ್ಲಿರುವ ಸಿಟ್‌ಟಿ ಸಕ್ಸಿನೇಟನ್ನು ಹೊರಹಾಕಿ ಸಿಟ್ರೇಟನ್ನು ತರುವ ವಿನಿಮಯಕಾರ. ಯೀಸ್ಟ್ ಲ್ಯಾಕ್ಟೇಟನ್ನು ಪಡೆಯುವ ಜೆನ್1 ಕೂಡ ಸಯಾಲಿಕ್ ಆಮ್ಲದ ಹೆಸರು ಹೊತ್ತ 2.ಎ.1.12ರಲ್ಲಿದೆ. ಸಂಖ್ಯೆಯಿಂದ ವಂಶ ತಿಳಿಯುತ್ತದೆಯೇ ಹೊರತು ಸರಕು, ದಿಕ್ಕುಗಳು ತಿಳಿಯುವುದಿಲ್ಲ. ಆದ್ದರಿಂದ ಕುಟುಂಬದ ವಿವರಣೆಯನ್ನು ಪೂರ್ತಿ ಓದದೆ ಮುಂದೆ ಹೋಗಬಾರದು. ಆ ವಿವರಣೆಗಳಾದರೋ ಒತ್ತೊತ್ತಾದ ಇಂಗ್ಲಿಷ್ ಗದ್ಯದಲ್ಲಿದ್ದು, ಮೊದಲ ವರ್ಷದ ವಿದ್ಯಾರ್ಥಿಗೆ ಶಿಕ್ಷಕರ ನೆರವಿಲ್ಲದೆ ಕಷ್ಟವಾಗುತ್ತವೆ.

ಪ್ರೋಟೀನು ಇದ್ದ ಮಾತ್ರಕ್ಕೆ ಬಾಗಿಲು ತೆರೆದಿದೆ ಎಂದಲ್ಲ ಎಂಬುದನ್ನೂ ಇಂಥ ಸಂಗ್ರಹ ತೋರಿಸಲಾರದು. 1988ರಲ್ಲಿ ವಿಕಾಸ ವಿಜ್ಞಾನಿ ರಿಚರ್ಡ್ ಲೆನ್‌ಸ್ಕಿ ಆರಂಭಿಸಿದ ದೀರ್ಘ ಪ್ರಯೋಗದ 12 ಇ. ಕೋಲಿ ಸಮುದಾಯಗಳ ಪೈಕಿ ಒಂದು, ಸುಮಾರು 31,500 ತಲೆಮಾರುಗಳ ಹೊತ್ತಿಗೆ ಆಮ್ಲಜನಕದಲ್ಲೂ ಸಿಟ್ರೇಟ್ ಬಳಸತೊಡಗಿತು. ಹೊಸ ವಾಹಕವೇನೂ ಹುಟ್ಟಿರಲಿಲ್ಲ. ಸಿಟ್‌ಟಿ ಜೀನಿನ ಒಂದು ನಕಲು ಆಮ್ಲಜನಕದಲ್ಲಿ ಚಾಲೂ ಇರುವ ಬೇರೊಂದು ಪ್ರೊಮೋಟರಿನ (ಜೀನನ್ನು ಚಾಲೂ ಮಾಡುವ ಡಿಎನ್‌ಎ ತುಂಡಿನ) ಪಕ್ಕಕ್ಕೆ ಬಂದು ಕೂತಿತ್ತು. 2.ಎ.47ರ ಪುಟ ತೆರೆದಾಗಲೆಲ್ಲ ನಾನು ಈ ಕಥೆಯನ್ನು ಸೇರಿಸಿಯೇ ಪಾಠ ಮಾಡುತ್ತೇನೆ.

ಹೊಸ ಪ್ರೋಟೀನಿನ ಅನುಕ್ರಮ ಕೈಯಲ್ಲಿದ್ದವರು ಇಲ್ಲಿನ ಬ್ಲಾಸ್ಟ್ ಹುಡುಕಾಟವನ್ನು (ಅನುಕ್ರಮಗಳನ್ನು ಹೋಲಿಸಿ ನೋಡುವ ಸಾಧನ) ಮೊದಲು ಬಳಸಲಿ. ಹೋಲಿಕೆ ಪ್ರೋಟೀನಿನ ಪೂರ್ತಿ ಉದ್ದಕ್ಕೂ ಇದೆಯೇ, ಪೊರೆ ದಾಟುವ ತುಂಡುಗಳ ಸಂಖ್ಯೆ ಹೊಂದುತ್ತದೆಯೇ ಎಂದು ನೋಡಿಕೊಂಡ ಮೇಲೆಯೇ ಕುಟುಂಬದ ಸಂಖ್ಯೆಯನ್ನು ಟಿಪ್ಪಣಿ ಪುಸ್ತಕಕ್ಕೆ ಇಳಿಸಬೇಕು. ಸರಕಿನ ಹೆಸರು ಬರೆಯುವ ಅಂಕಣವನ್ನು ಪ್ರಯೋಗ ಮುಗಿಯುವವರೆಗೆ ಖಾಲಿ ಬಿಡುವುದು ಒಳ್ಳೆಯದು.