ದೊಡ್ಡ ಮಗುವನ್ನು ದತ್ತು ಪಡೆದವರಿಗೆ ಚಿಕ್ಕಮಗಳೂರಿನಲ್ಲೊಂದು ಆಪ್ತಸಮಾಲೋಚನಾ ಕೇಂದ್ರ: ನಮ್ಮ ಅನುಭವ

ಬಸವನಹಳ್ಳಿ ಮುಖ್ಯರಸ್ತೆಯಿಂದ ಒಳಕ್ಕೆ ಹೋಗುವ ಅಡ್ಡರಸ್ತೆಯೊಂದರಲ್ಲಿ, ಮೆಡಿಕಲ್ ಶಾಪಿನ ಮೇಲಿನ ಮಹಡಿಯಲ್ಲಿರುವ ಈ ಮಕ್ಕಳ ಹಾಗೂ ಕುಟುಂಬ ಆಪ್ತಸಮಾಲೋಚನಾ ಕೇಂದ್ರಕ್ಕೆ ನಾವು ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಹೋಗುತ್ತಿದ್ದೇವೆ. ಪರೀಕ್ಷೆಯ ಭಯ, ಕಲಿಕೆಯ ತೊಂದರೆ, ಮೊಬೈಲ್ ಗೀಳು ಮುಂತಾದ ಕಾರಣಗಳಿಗಾಗಿ ಇಲ್ಲಿಗೆ ಬಂದವರು ತಮ್ಮ ಅಭಿಪ್ರಾಯವನ್ನು ಆಗಲೇ ಬರೆದಿದ್ದಾರೆ. ಆದರೆ ಬೆಳೆದ ಮಗುವನ್ನು, ಅದರಲ್ಲೂ ಬೇರೆ ದೇಶದಲ್ಲಿ ಹುಟ್ಟಿದ ಮಗುವನ್ನು ದತ್ತು ಪಡೆದ ಕುಟುಂಬಕ್ಕೆ ಇಲ್ಲಿ ಎಂಥ ನೆರವು ಸಿಗುತ್ತದೆ ಎಂಬುದರ ಬಗ್ಗೆ ಎಲ್ಲಿಯೂ ಮಾಹಿತಿ ಕಾಣಲಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನಾನು ಮತ್ತು ನನ್ನ ಯಜಮಾನರು ಅಮೆರಿಕದಲ್ಲಿದ್ದಾಗ ಕೊಲಂಬಿಯಾದಿಂದ ಮಗನನ್ನು ದತ್ತು ಪಡೆದೆವು. ಆಗ ಅವನಿಗೆ ಒಂಬತ್ತು ವರ್ಷ. ಆ ದೇಶದಲ್ಲಿ ದತ್ತು ಪ್ರಕ್ರಿಯೆಯ ಹೊಣೆ ಐಸಿಬಿಎಫ್ ಎಂಬ ಸರ್ಕಾರಿ ಸಂಸ್ಥೆಯದು. ಹೆತ್ತವರ ಬಳಿ ಇರಲಾಗದ ಮಕ್ಕಳಲ್ಲಿ ಅನೇಕರನ್ನು ಅದು ಸಾಕುತಾಯಂದಿರ ಮನೆಗಳಲ್ಲಿ ಇರಿಸುತ್ತದೆ. ನಮ್ಮ ಮಗನೂ ಅಂಥ ಮನೆಯಲ್ಲಿ, ದಕ್ಷಿಣ ಕೊಲಂಬಿಯಾದ ಕಾಫಿ ಪ್ರದೇಶವೊಂದರಲ್ಲಿ ಬೆಳೆದವನು. ನಮ್ಮ ಜೊತೆ ಅಮೆರಿಕಕ್ಕೆ ಬಂದು ಇಂಗ್ಲಿಷ್ ಕಲಿಯತೊಡಗಿದ್ದಷ್ಟೇ. ಅಷ್ಟರಲ್ಲಿ ಮಾವನವರ ಆರೋಗ್ಯ ಕೆಟ್ಟು, ತೋಟ ನೋಡಿಕೊಳ್ಳುವವರಿಲ್ಲದೆ, ಆಲ್ದೂರಿನ ಕಡೆ ಇರುವ ನಮ್ಮ ಮನೆಗೆ ಮರಳಬೇಕಾಯಿತು. ಒಂದು ಮನೆಗೆ ಒಗ್ಗಿಕೊಳ್ಳುವ ಮೊದಲೇ ಮತ್ತೊಂದು ಮನೆ, ಮತ್ತೊಂದು ಭಾಷೆ, ಮನೆ ತುಂಬ ಹೊಸ ನೆಂಟರು ಆ ಮಗುವಿನ ಪಾಲಿಗೆ ಬಂದರು.

ಮೊದಲ ಭೇಟಿಗಳಿಗೆ ಮಗನನ್ನು ಕರೆತರಬೇಡಿ, ನೀವಿಬ್ಬರೇ ಬನ್ನಿ ಎಂದು ಸಮಾಲೋಚಕಿಯವರು ಫೋನಿನಲ್ಲಿಯೇ ಹೇಳಿದ್ದರು. ಹಟ, ಸಿಟ್ಟು, ಸುಳ್ಳು ಎಂದು ನಾವು ಹೇಳಿಕೊಂಡಿದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡ ಬಳಿಕ ಅವರು ನಮ್ಮ ಮನೆಯ ದಿನಚರಿಯನ್ನು ಬಿಡಿಸಿ ಬಿಡಿಸಿ ಕೇಳಿದರು. ಬೆಳಿಗ್ಗೆ ಅವನನ್ನು ಎಬ್ಬಿಸುವವರು ಯಾರು, ಊಟ ಬಡಿಸುವವರು ಯಾರು, ಮಲಗುವ ಕೋಣೆಯಿಂದ ನಿಮ್ಮ ಕೋಣೆ ಎಷ್ಟು ದೂರ, ರಾತ್ರಿ ಅಡುಗೆಮನೆಗೆ ಬಾಗಿಲು ಹಾಕುತ್ತೀರಾ, ವಾರದಲ್ಲಿ ಎಷ್ಟು ಜನ ಹೊಸಬರು ಮನೆಗೆ ಬಂದುಹೋಗುತ್ತಾರೆ ಎಂಬಂಥ ಪ್ರಶ್ನೆಗಳವು. ಆಮೇಲೆ ಅವನ ಕಡತ ಕೇಳಿದರು. ದೇಶದಿಂದ ದೇಶಕ್ಕೆ ಮಕ್ಕಳನ್ನು ದತ್ತು ಕೊಡುವ ಬಗ್ಗೆ ಆಗಿರುವ 1993ರ ಹೇಗ್ ದತ್ತು ಒಪ್ಪಂದದ ಪ್ರಕಾರ ಮಗುವಿನ ಹುಟ್ಟು, ಹೆತ್ತವರು ಮತ್ತು ಆರೋಗ್ಯದ ಚರಿತ್ರೆಗೆ ಸಂಬಂಧಿಸಿದ ಮಾಹಿತಿಯನ್ನು ಸರ್ಕಾರಗಳು ಕಾಪಾಡಿಡಬೇಕು. ಭಾರತವೂ 2003ರಿಂದ ಈ ಒಪ್ಪಂದಕ್ಕೆ ಬದ್ಧವಾಗಿದೆ. ನಮ್ಮ ಕೈಯಲ್ಲಿದ್ದದ್ದು ದತ್ತು ಏಜೆನ್ಸಿಯವರು ಇಂಗ್ಲಿಷಿನಲ್ಲಿ ಕೊಟ್ಟ ಸಾರಾಂಶ. ಮೂಲ ಕಡತ ಸ್ಪ್ಯಾನಿಷಿನಲ್ಲಿತ್ತು. ಅದನ್ನು ಪೂರ್ತಿಯಾಗಿ ಅನುವಾದ ಮಾಡಿಸಿಕೊಂಡು ಬನ್ನಿ, ಆಮೇಲೆ ಮುಂದುವರಿಯೋಣ ಎಂದು ಅವರು ಪಟ್ಟು ಹಿಡಿದರು. ಬೆಂಗಳೂರಿನ ಅನುವಾದಕರೊಬ್ಬರಿಂದ ಮಾಡಿಸಿ ತಂದಾಗ, ನಾವು ತಿಳಿದಿದ್ದಂತೆ ಅವನು ಒಂದೇ ಸಾಕುಮನೆಯಲ್ಲಿದ್ದವನಲ್ಲ, ಮೂರು ಮನೆಗಳನ್ನು ದಾಟಿ ಬಂದವನು ಎಂದು ಗೊತ್ತಾಯಿತು. ಸೂಟ್‌ಕೇಸ್ ತೆಗೆದರೆ ಸಾಕು ಅವನು ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದುದರ ಕಾರಣ ಆ ಪುಟಗಳಲ್ಲಿತ್ತು.

ಈ ಕೇಂದ್ರದ ಕೆಲಸದ ರೀತಿ ಅಲ್ಲಿಂದ ಸ್ಪಷ್ಟವಾಗುತ್ತ ಹೋಯಿತು. ಮಗುವನ್ನು ತಿದ್ದುವ ಮಾತನ್ನು ಇವರು ಬಹುಕಾಲ ಎತ್ತುವುದಿಲ್ಲ. ಮಗುವಿಗೆ ತಕ್ಕಂತೆ ಮನೆಯನ್ನು ಹೊಂದಿಸುವ ಕೆಲಸವನ್ನು ದೊಡ್ಡವರಿಗೆ ಹಚ್ಚುತ್ತಾರೆ. ನನ್ನ ಮಟ್ಟಿಗೆ ಇವರ ಸೇವೆಯ ನಿಜವಾದ ಬೆಲೆ ಇರುವುದು ಇಲ್ಲಿಯೇ.

ಮಲೆನಾಡಿನ ಕೂಡುಕುಟುಂಬದಲ್ಲಿ ಅದು ಸುಲಭದ ಕೆಲಸವಲ್ಲ. ನಮ್ಮ ಮಗ ಮನೆಗೆ ಬಂದ ಯಾರ ತೊಡೆಯ ಮೇಲಾದರೂ ಹೋಗಿ ಕೂರುತ್ತಿದ್ದ, ಕಾಫಿ ತೂಕಕ್ಕೆ ಬಂದ ವ್ಯಾಪಾರಿಯ ಜೀಪು ಹತ್ತಿ ಹೊರಡಲು ಸಿದ್ಧನಾಗುತ್ತಿದ್ದ. ಎಷ್ಟು ಚೆನ್ನಾಗಿ ಹೊಂದಿಕೊಂಡಿದ್ದಾನೆ ಎಂದು ನೆಂಟರು ಮೆಚ್ಚಿಕೊಳ್ಳುತ್ತಿದ್ದರು. ಕೈ ಬದಲಾಗುತ್ತ ಬೆಳೆದ ಮಕ್ಕಳಿಗೆ ತಮ್ಮವರು ಯಾರು, ಹೊರಗಿನವರು ಯಾರು ಎಂಬ ಭೇದ ಇನ್ನೂ ಮೂಡಿರುವುದಿಲ್ಲ, ಇದು ಸಂತೋಷಪಡುವ ವಿಷಯವಲ್ಲ ಎಂದು ಸಮಾಲೋಚಕಿಯವರು ವಿವರಿಸಿದರು. ಕೆಲವು ತಿಂಗಳ ಕಾಲ ಊಟ ಬಡಿಸುವುದು, ತಲೆಗೆ ಎಣ್ಣೆ ಹಚ್ಚುವುದು, ಬಿದ್ದಾಗ ಗಾಯ ತೊಳೆಯುವುದು, ಮಲಗಿಸುವುದು ಇವೆಲ್ಲವನ್ನೂ ತಂದೆತಾಯಿ ಇಬ್ಬರೇ ಮಾಡಬೇಕು. ಅಜ್ಜಿ, ಅತ್ತೆ, ಚಿಕ್ಕಪ್ಪಂದಿರು ಆಟವಾಡಲಿ, ಮಾತನಾಡಿಸಲಿ, ಆದರೆ ಅವನು ಏನನ್ನಾದರೂ ಬೇಡಿ ಬಂದಾಗ ಅಪ್ಪ ಅಮ್ಮನ ಬಳಿ ಕಳುಹಿಸಲಿ ಎಂದು ಹೇಳಿದರು. ನಮ್ಮ ಅತ್ತೆಯವರಿಗೆ ಇದು ಬಹಳ ನೋವಿನ ಮಾತಾಯಿತು. ಮೊಮ್ಮಗನಿಗೆ ಒಂದು ತುತ್ತು ಹಾಕಬಾರದೇ ಎಂದು ಅವರು ಅತ್ತರು. ಆಗ ಸಮಾಲೋಚಕಿಯವರು ಅತ್ತೆಯವರನ್ನು ಪ್ರತ್ಯೇಕವಾಗಿ ಕರೆಸಿ, ಒಂದು ಗಂಟೆಗೂ ಹೆಚ್ಚು ಹೊತ್ತು ಅವರ ಮಾತು ಕೇಳಿ, ನಂತರ ತಾವು ಹೇಳಬೇಕಾದ್ದನ್ನು ಹೇಳಿದರು. ಅದಕ್ಕೆ ಬೇರೆ ಶುಲ್ಕವನ್ನೂ ತೆಗೆದುಕೊಳ್ಳಲಿಲ್ಲ. ಸೊಸೆಯ ಬಾಯಿಂದ ಬಂದಿದ್ದರೆ ಆ ಮಾತು ಮನೆಯಲ್ಲಿ ಜಗಳವಾಗುತ್ತಿತ್ತು.

ಅಷ್ಟು ದೊಡ್ಡ ಹುಡುಗನಿಗೆ ಕೈತುತ್ತು ಹಾಕಲು ನನಗೆ ಹೇಳಿದ್ದೂ ಇವರೇ. ಶೈಶವದಲ್ಲಿ ಸಿಗಬೇಕಾಗಿದ್ದ ಆರೈಕೆ ಸಿಗದ ಮಕ್ಕಳು ಎಷ್ಟೋ ವಿಷಯಗಳಲ್ಲಿ ತಮ್ಮ ವಯಸ್ಸಿಗಿಂತ ಚಿಕ್ಕವರಾಗಿರುತ್ತಾರೆ, ಆ ಚಿಕ್ಕ ಮಗುವನ್ನು ಮೊದಲು ಸಾಕಿ ಎಂದರು. ಮೊಸರನ್ನ ಕಲಸಿ ಮೂರು ದಿನ ಕರೆದರೂ ಬರದವನು ಆಮೇಲೆ ತಾನಾಗಿಯೇ ತಟ್ಟೆಯ ಮುಂದೆ ಬಂದು ಬಾಯಿ ತೆರೆದು ಕೂತ.

ಊಟದ ವಿಷಯದಲ್ಲಿ ಅವರು ಕೊಟ್ಟ ಸಲಹೆಗಳನ್ನು ವಿಶೇಷವಾಗಿ ಹೇಳಬೇಕು. ಮಗ ರೊಟ್ಟಿಯ ಚೂರು, ಬಾಳೆಹಣ್ಣು, ಬಿಸ್ಕೆಟ್ ಎಲ್ಲವನ್ನೂ ದಿಂಬಿನ ಕೆಳಗೆ, ಶಾಲೆಯ ಚೀಲದ ತಳದಲ್ಲಿ ಬಚ್ಚಿಡುತ್ತಿದ್ದ. ಇರುವೆ ಬಂದು ಹಾಸಿಗೆ ಹಾಳಾಗುತ್ತಿತ್ತು. ಇದು ಕಳ್ಳತನವಲ್ಲ, ನಾಳೆ ಊಟ ಸಿಗುತ್ತದೆ ಎಂಬ ನಂಬಿಕೆ ಇಲ್ಲದಿರುವುದರ ಲಕ್ಷಣ, ಬೈಯಬೇಡಿ ಎಂದು ಹೇಳಿ, ಮುಚ್ಚಳವಿರುವ ಸ್ಟೀಲ್ ಡಬ್ಬವೊಂದನ್ನು ಅವನ ಹೆಸರು ಬರೆದು ಮಂಚದ ಪಕ್ಕದಲ್ಲಿಡಲು, ಅದು ಎಂದೂ ಖಾಲಿಯಾಗದಂತೆ ನೋಡಿಕೊಳ್ಳಲು ಹೇಳಿದರು. ಚಕ್ಕುಲಿ, ಕಡಲೆಬೀಜ, ಒಣ ಖರ್ಜೂರ ತುಂಬಿಟ್ಟೆವು. ಮೊದಮೊದಲು ರಾತ್ರಿಯಲ್ಲಿ ಎರಡು ಮೂರು ಸಲ ಡಬ್ಬ ತೆಗೆಯುವ ಸದ್ದು ಕೇಳುತ್ತಿತ್ತು. ಈಗ ವಾರಗಟ್ಟಲೆ ಅದನ್ನು ಮುಟ್ಟುವುದಿಲ್ಲ, ಆದರೂ ಡಬ್ಬವನ್ನು ತೆಗೆಯಬೇಡಿ ಎಂದು ಅವರು ಎಚ್ಚರಿಸಿದ್ದಾರೆ.

ಹೊಸ ರುಚಿಗಳನ್ನು ಒತ್ತಾಯದಿಂದ ಕಲಿಸುವ ಬದಲು ಅವನಿಗೆ ಗೊತ್ತಿರುವ ಒಂದು ತಿಂಡಿಯಾದರೂ ದಿನಕ್ಕೊಮ್ಮೆ ತಟ್ಟೆಯಲ್ಲಿರಲಿ ಎಂಬುದು ಇನ್ನೊಂದು ಸಲಹೆ. ಕೊಲಂಬಿಯಾದಲ್ಲಿ ಅರೆಪಾ ಎಂಬ ಮೆಕ್ಕೆಜೋಳದ ದಪ್ಪ ರೊಟ್ಟಿ ದಿನನಿತ್ಯದ ಆಹಾರ. ಅಲ್ಲಿ ಅದಕ್ಕೆ ಮೊದಲೇ ಬೇಯಿಸಿ ಒಣಗಿಸಿದ ಹಿಟ್ಟು ಅಂಗಡಿಯಲ್ಲಿ ಸಿಗುತ್ತದೆ. ನಮ್ಮ ಮಿಲ್ಲಿನಲ್ಲಿ ಬೀಸಿಸಿದ, ಬೇಯಿಸದ ಮೆಕ್ಕೆಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೆ ತಟ್ಟುವಾಗಲೇ ಸೀಳು ಬಿಡುತ್ತದೆ. ಅತ್ತೆಯವರು ಅಕ್ಕಿ ರೊಟ್ಟಿಗೆ ಮಾಡುವಂತೆಯೇ ಕುದಿಯುವ ಉಪ್ಪುನೀರಿಗೆ ಹಿಟ್ಟು ಹಾಕಿ, ಮುಚ್ಚಿ ಬೇಯಿಸಿ, ಬಿಸಿಯಿರುವಾಗಲೇ ಕೈಗೆ ನೀರು ಮುಟ್ಟಿಸಿಕೊಂಡು ನಾದಿದರು, ಬೆರಳಿನಷ್ಟು ದಪ್ಪಕ್ಕೆ ತಟ್ಟಿ ಕಾವಲಿಯ ಮೇಲೆ ನಿಧಾನವಾಗಿ ಬೇಯಿಸಿದರು. ಬೆಣ್ಣೆ ಹಚ್ಚಿ ಬಡಿಸುವುದು ಮಾತ್ರ ನಾನೇ. ಅವನು ಅದನ್ನು ಮಧ್ಯಕ್ಕೆ ಸೀಳಿ, ಒಳಗೆ ಬೆರಳಿಟ್ಟು ಬೆಂದಿದೆಯೇ ಎಂದು ನೋಡಿ, ತಲೆದೂಗಿ ತಿಂದ. ಅಂದಿನಿಂದ ಅಜ್ಜಿಗೂ ಮೊಮ್ಮಗನಿಗೂ ಅಡುಗೆಮನೆಯಲ್ಲಿ ಕಟ್ಟೆ ಹಂಚಿಕೊಂಡು ಮಾಡುವ ಒಂದು ಕೆಲಸ ಸಿಕ್ಕಿದೆ.

ಸಿಟ್ಟಿನ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ಮೊದಲ ಕೆಲವು ವಾರ ಮಗು ಅತಿ ವಿಧೇಯವಾಗಿದ್ದು, ಇದು ತನ್ನ ಮನೆ ಎನ್ನಿಸತೊಡಗಿದ ಮೇಲೆ ದೊಡ್ಡವರನ್ನು ಪರೀಕ್ಷಿಸಲು ಶುರುಮಾಡುತ್ತದೆ ಎಂದು ಇವರು ಮೊದಲೇ ಹೇಳಿದ್ದರಿಂದ, ಲೋಟ ಒಡೆದು ಬಾಗಿಲು ಬಡಿದ ದಿನಗಳಲ್ಲಿ ನಾವು ಎದೆಗುಂದಲಿಲ್ಲ. ಒಬ್ಬನೇ ಕೋಣೆಯಲ್ಲಿ ಕೂರಿಸುವ ಶಿಕ್ಷೆ ಇಂಥ ಮಕ್ಕಳಿಗೆ ಖಂಡಿತ ಬೇಡ, ಅದು ಮತ್ತೆ ಕೈಬಿಟ್ಟರೆಂಬ ಭಯವನ್ನಷ್ಟೇ ಕಲಿಸುತ್ತದೆ; ಮಾತಿಲ್ಲದೆ ಹತ್ತಿರ ಕೂತಿರಿ ಎಂದರು. ಕೂತೆವು.

ಭಾಷೆಯ ವಿಷಯದಲ್ಲಿ ಈ ಕೇಂದ್ರಕ್ಕೆ ಮಿತಿಯಿದೆ. ಇಲ್ಲಿ ಸ್ಪ್ಯಾನಿಷ್ ಬಲ್ಲವರು ಯಾರೂ ಇಲ್ಲ. ಆದರೆ ಮನಸ್ಸಿನ ಮಾತನ್ನು ಮೊಬೈಲಿನ ಅನುವಾದದ ಆ್ಯಪಿಗೆ ಒಪ್ಪಿಸಲು ಅವರು ಸಿದ್ಧರಿರಲಿಲ್ಲ; ಬೊಂಬೆ, ಮರಳಿನ ತಟ್ಟೆ, ಬಣ್ಣದ ಪೆನ್ಸಿಲ್ ಇವುಗಳಲ್ಲೇ ತಿಂಗಳುಗಟ್ಟಲೆ ಕೆಲಸ ನಡೆಸಿದರು. ಜೊತೆಗೆ ವಾರಕ್ಕೊಮ್ಮೆ ಆನ್‌ಲೈನಿನಲ್ಲಿ ಸ್ಪ್ಯಾನಿಷ್ ಮಾತನಾಡುವ ಶಿಕ್ಷಕರೊಬ್ಬರನ್ನು ಗೊತ್ತುಮಾಡಿಕೊಳ್ಳಲು ಹೇಳಿದರು. ಬಳಸದಿದ್ದರೆ ಮೊದಲ ಭಾಷೆ ಈ ವಯಸ್ಸಿನಲ್ಲಿ ಬೇಗ ಜಾರಿಹೋಗುತ್ತದೆ, ಹೊಸದು ಇನ್ನೂ ಗಟ್ಟಿಯಾಗಿರುವುದಿಲ್ಲ, ನಡುವಿನ ಆ ಕಾಲದಲ್ಲಿ ಮಗುವಿಗೆ ತನ್ನ ದುಃಖ ಹೇಳಿಕೊಳ್ಳಲು ಯಾವ ಭಾಷೆಯೂ ಉಳಿಯುವುದಿಲ್ಲ ಎಂಬ ಅವರ ಮಾತು ನನ್ನನ್ನು ಕಲಕಿತು. ಆಟದ ಕನ್ನಡ ಬೇಗ ಬಂದರೂ ಪಾಠ ಅರ್ಥಮಾಡಿಕೊಳ್ಳುವ ಕನ್ನಡ, ಇಂಗ್ಲಿಷ್ ಬರಲು ಹಲವು ವರ್ಷ ಬೇಕೆಂದೂ ಅವರು ಶಾಲೆಗೆ ಪತ್ರ ಬರೆದುಕೊಟ್ಟರು. ನೀವು ಹುಟ್ಟಿದಾಗಿನ ಫೋಟೊ ತನ್ನಿ, ವಂಶವೃಕ್ಷ ಬರೆಯಿರಿ ಎಂಬಂಥ ಮನೆಗೆಲಸ ಕೊಡುವ ಮುನ್ನ ತಂದೆತಾಯಿಗೆ ತಿಳಿಸಬೇಕು, ತರಗತಿಯಲ್ಲಿ ದತ್ತು ಮಗು ಎಂದು ಪರಿಚಯಿಸಬಾರದು ಎಂಬುದೂ ಅದರಲ್ಲಿತ್ತು. ಅದಕ್ಕೆ ಮೊದಲು ಸೇರಿಸಿದ್ದ ಶಾಲೆಯೊಂದರಲ್ಲಿ ಪ್ರಾರ್ಥನೆಯ ಸಮಯದಲ್ಲಿಯೇ ಹಾಗೆ ಪರಿಚಯಿಸಿದ್ದರು.

ಸಾಕುತಾಯಿಯ ವಿಷಯ ನಮಗೆಲ್ಲ ಕಷ್ಟದ್ದಾಗಿತ್ತು. ಆಕೆಯ ಚಿತ್ರ ಮನೆಯಲ್ಲಿದ್ದರೆ ಅವನು ನಮ್ಮವನಾಗುವುದು ತಡವಾಗುತ್ತದೆ ಎಂದು ಮನೆಯ ಹಿರಿಯರು ಹೆದರಿದ್ದರು. ಪ್ರೀತಿಸಿದವರನ್ನು ಮರೆತರೆ ಮಾತ್ರ ನಿಮ್ಮನ್ನು ಪ್ರೀತಿಸಬಹುದು ಎಂಬ ಷರತ್ತನ್ನು ಮಗುವಿನ ಮೇಲೆ ಹೇರಬೇಡಿ ಎಂದು ಸಮಾಲೋಚಕಿಯವರು ಖಚಿತವಾಗಿ ಹೇಳಿದರು. ಅವನೊಂದಿಗೆ ಕೂತು ದಪ್ಪ ರಟ್ಟಿನ ಪುಸ್ತಕವೊಂದನ್ನು ಮಾಡಿಸಿದರು: ಹುಟ್ಟಿದ ಊರಿನ ನಕ್ಷೆ, ದಾಟಿ ಬಂದ ಮನೆಗಳು, ಸಾಕುತಾಯಿಯ ಫೋಟೊ, ವಿಮಾನದ ಟಿಕೆಟ್, ನಮ್ಮ ತೋಟ. ಅವನ ಹೆಸರನ್ನೂ ಬದಲಾಯಿಸಬೇಡಿ ಎಂದರು. ನಾಮಕರಣದ ಮಾತು ಅಲ್ಲಿಗೆ ನಿಂತಿತು. ಕೊಯ್ಲಿನ ಕಾಲದಲ್ಲಿ ಅವನು ಅರೇಬಿಕಾ ಗಿಡದ ಮುಂದೆ ನಿಂತು, ತೊಟ್ಟಿಗೆ ಪೆಟ್ಟಾಗದಂತೆ ಹಣ್ಣನ್ನಷ್ಟೇ ತಿರುಚಿ, ಕಾಯಿ ಮುಟ್ಟದೆ ಬಿಡಿಸಿದ್ದನ್ನು ನಾನು ಹೇಳಿದಾಗ, ಅದನ್ನೂ ಒಂದು ಪುಟವಾಗಿ ಬರೆಸಿದರು. ಅವನು ಬರಿಗೈಯಲ್ಲಿ ಬಂದವನಲ್ಲ ಎಂದು ತೋಟದ ಆಳುಗಳಿಗೂ ಆವತ್ತು ತಿಳಿಯಿತು.

ಕೊರತೆಗಳೂ ಇವೆ. ಕಾಯುವ ಜಾಗ ತೀರಾ ಇಕ್ಕಟ್ಟು, ಒಳಗಿನ ಮಾತು ಕೆಲವೊಮ್ಮೆ ಹೊರಗೆ ಕೇಳುತ್ತದೆ. ಇಂಥ ಕೇಂದ್ರದಲ್ಲಿ ಇದು ಸಣ್ಣ ದೋಷವಲ್ಲ, ಆದಷ್ಟು ಬೇಗ ಸರಿಪಡಿಸಬೇಕು. ವರದಿಗಳು ಇಂಗ್ಲಿಷಿನಲ್ಲಿ ಮಾತ್ರ ಸಿಗುವುದರಿಂದ ಮನೆಯ ಹಿರಿಯರಿಗೆ ನಾವೇ ಓದಿ ಹೇಳಬೇಕಾಯಿತು. ಒಂದು ಭೇಟಿಗೆ 800 ರೂಪಾಯಿ ಶುಲ್ಕ. ತಿಂಗಳಿಗೆ ನಾಲ್ಕು ಸಲ ಎಂದರೆ ಅನೇಕರಿಗೆ ಭಾರವೇ. ಕೇಳಿದವರಿಗೆ ಕಡಿಮೆ ಮಾಡುತ್ತಾರೆ, ಆದರೆ ಆ ವಿಷಯವನ್ನು ಫಲಕದಲ್ಲಿ ಹಾಕಿದ್ದರೆ ಕೇಳಲು ಸಂಕೋಚಪಡುವವರಿಗೆ ಅನುಕೂಲವಾಗುತ್ತಿತ್ತು. ರಾತ್ರಿ ಹೊತ್ತಿನಲ್ಲಿ ಇವರು ಸಿಗುವುದಿಲ್ಲ. ಅಂಥ ಸಮಯಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವರೇ ಬರೆದುಕೊಟ್ಟಿದ್ದಾರೆ, ಕನ್ನಡದಲ್ಲಿಯೂ ಮಾತನಾಡಬಹುದು. ಎಲ್ಲಿಗೇ ಹೋಗುವುದಿದ್ದರೂ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತಿನ) ನೋಂದಣಿಯನ್ನು ಕೇಳಿ ನೋಡಿ. ಇಲ್ಲಿ ಅದನ್ನು ಗೋಡೆಯ ಮೇಲೆ ತೂಗುಹಾಕಿದ್ದಾರೆ.

ನಮ್ಮ ದೇಶದಲ್ಲಿಯೇ, ದತ್ತು ಪ್ರಕ್ರಿಯೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆಯಾದ ಕಾರಾ ಮೂಲಕ ದೊಡ್ಡ ಮಕ್ಕಳನ್ನು ದತ್ತು ಪಡೆಯುವ ದಂಪತಿಗಳು ಹಾಸನದಿಂದಲೂ ಇಲ್ಲಿಗೆ ಬರುತ್ತಾರೆ. ಐದು ವರ್ಷ ದಾಟಿದ ಮಗುವಿನ ಒಪ್ಪಿಗೆ ದತ್ತು ಪ್ರಕ್ರಿಯೆಯಲ್ಲಿ ಅಗತ್ಯ, ಮತ್ತು ಮಗು ಮನೆಗೆ ಬಂದ ಬಳಿಕ ಎರಡು ವರ್ಷ, ಆರು ತಿಂಗಳಿಗೊಮ್ಮೆ ಅನುಸರಣಾ ವರದಿ ಹೋಗಬೇಕು. ವರದಿಗೆ ಬರುವವರು ಮಗು ಹೇಗಿದೆ ಎಂದು ನೋಡಿ ಹೋಗುತ್ತಾರೆ. ನಡುವಿನ ಆರು ತಿಂಗಳನ್ನು ದಿನದಿನವೂ ಹೇಗೆ ನಡೆಸಬೇಕು ಎಂದು ಹೇಳಿಕೊಡುವವರು ಬೇಕಾದರೆ ಇಲ್ಲಿಗೆ ಬನ್ನಿ, ಸಾಧ್ಯವಾದರೆ ಮಗು ಮನೆಗೆ ಬರುವ ಮೊದಲೇ ಬನ್ನಿ. ಭಾನುವಾರ ರಜೆ. ಶನಿವಾರದ ಸಮಯ ಬೇಗ ತುಂಬುವುದರಿಂದ ವಾರ ಮುಂಚಿತವಾಗಿ ಫೋನ್ ಮಾಡುವುದು ಒಳ್ಳೆಯದು, ಮಳೆಗಾಲದಲ್ಲಿ ಮೂಡಿಗೆರೆ, ಆಲ್ದೂರಿನ ಕಡೆಯಿಂದ ಬರುವವರಿಗೆ ಮಧ್ಯಾಹ್ನದ ಸಮಯವನ್ನು ಕೇಳಿದರೆ ಕೊಡುತ್ತಾರೆ.