ಖಾಲಿ ಸ್ಲಾಟ್ ನೋಡಿ ಹಳೆ ಸರ್ವರ್ ಕೊಳ್ಳಬೇಡಿ

ಎರಡು ಪ್ರೊಸೆಸರ್ ಕೂರುವಂಥ ಹಳೆ ಸರ್ವರ್ ಒಂದನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ತೆಗೆದುಕೊಳ್ಳುವ ಯೋಚನೆ ಇದ್ದರೆ, ದುಡ್ಡು ಕೊಡುವ ಮೊದಲು ಇದನ್ನು ಓದಿ. ಅದರಲ್ಲೂ "ಸದ್ಯಕ್ಕೆ ಒಂದು ಪ್ರೊಸೆಸರ್ ಸಾಕು, ಬೇಕಾದಾಗ ಇನ್ನೊಂದು ಹಾಕಿಕೊಂಡರಾಯಿತು" ಎಂದು ಲೆಕ್ಕ ಹಾಕಿರುವವರು ತಪ್ಪದೇ ಓದಿ. ನಾನೂ ಅದೇ ಲೆಕ್ಕ ಹಾಕಿದ್ದೆ. ದುಡ್ಡು ನನ್ನದಾಗಿದ್ದರೆ ಹೋಗಲಿ ಎನ್ನಬಹುದಿತ್ತು. ಅದು ಅಡಿಕೆ ಬೆಳೆಗಾರರ ಒಂದು ಸಹಕಾರ ಸಂಘದ ದುಡ್ಡು. ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ.

ಮಲೆನಾಡಿನ ನಮ್ಮ ತಾಲ್ಲೂಕಿನಲ್ಲಿ ನಾಲ್ಕಾರು ಸಂಘ, ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಎರಡು ವರ್ಷದ ಹಿಂದೆ ಈ ಸಂಘದ ಹಳೆ ಡೆಸ್ಕ್‌ಟಾಪ್ "ಸರ್ವರ್" ಕೈಕೊಟ್ಟಿತು. ಹೊಸ ಸರ್ವರಿಗೆ ಬಜೆಟ್ ಇರಲಿಲ್ಲ. ನಾನೇ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ, ಅಲ್ಲಿ ಇಲ್ಲಿ ವಿಚಾರಿಸಿ, 34,000 ರೂಪಾಯಿಗೆ 2012ರ ಕಾಲದ ಒಂದು ರ‍್ಯಾಕ್ ಸರ್ವರ್ ತಂದೆ. ಒಳಗೆ ಇಂಟೆಲ್ ಝಿಯಾನ್ ಇ5-2620 ಒಂದು, ಅಂದರೆ ಆರು ಕೋರ್. 8 ಜಿಬಿಯ ನಾಲ್ಕು ರ‍್ಯಾಮ್, 600 ಜಿಬಿಯ ಮೂರು ಎಸ್ಎಎಸ್ ಡಿಸ್ಕ್, ಎರಡು ಪವರ್ ಸಪ್ಲೈ. ಅಂಗಡಿಯವರು ಮುಚ್ಚಳ ತೆಗೆದು ತೋರಿಸಿದರು. "ನೋಡಿ ಸರ್, 24 ರ‍್ಯಾಮ್ ಸ್ಲಾಟ್, 768 ಜಿಬಿ ತನಕ ಹಾಕ್ಬಹುದು. ಆರು ಕಾರ್ಡ್ ಸ್ಲಾಟ್. ಇನ್ನೊಂದು ಪ್ರೊಸೆಸರ್‌ಗೆ ಜಾಗ ರೆಡಿ ಇದೆ. ನಿಮ್ಗೆ ಇನ್ನು ಹತ್ತು ವರ್ಷ ಯೋಚ್ನೆ ಇಲ್ಲ."

ಆ ಮಾತಿನಲ್ಲಿ ಒಂದೊಂದು ಸಂಖ್ಯೆಯೂ ಸರಿ. ಆದರೆ ಅವೆಲ್ಲ ಎರಡೂ ಪ್ರೊಸೆಸರ್ ಇದ್ದರೆ ಮಾತ್ರ ನಿಜ. ಇದನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಮೊದಲ ವರ್ಷ ಚೆನ್ನಾಗಿಯೇ ಓಡಿತು. ಆಮೇಲೆ ಸಂಘದವರು ಗೋದಾಮಿನ ಕ್ಯಾಮೆರಾ ರೆಕಾರ್ಡಿಂಗನ್ನೂ ಇದರಲ್ಲೇ ಇಡೋಣ ಎಂದರು. ರೆಕಾರ್ಡಿಂಗ್ ಇಡುವ ಡಿಸ್ಕ್ ಪೆಟ್ಟಿಗೆಗೂ ಸರ್ವರಿಗೂ ನಡುವೆ ವೇಗದ ಸಂಪರ್ಕ ಬೇಕಿತ್ತು. 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್ ಒಂದನ್ನು ತರಿಸಿ, ಕೈಗೆ ಸುಲಭವಾಗಿ ಸಿಕ್ಕ ಖಾಲಿ ಸ್ಲಾಟಿಗೆ ಹಾಕಿದೆ. ಕಾರ್ಡಿನ ಲೈಟ್ ಉರಿಯಲಿಲ್ಲ. ಲಿನಕ್ಸಿನಲ್ಲಿ, ಹಾಕಿರುವ ಕಾರ್ಡುಗಳ ಪಟ್ಟಿ ತೋರಿಸುವ ಎಲ್ಎಸ್‌ಪಿಸಿಐ ಕೊಟ್ಟು ನೋಡಿದರೆ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಡ್ರೈವರ್ ಇರಬೇಕು ಎಂದು ಒಂದು ದಿನ ಕಳೆದೆ. ಬಯೋಸ್ ಸೆಟ್ಟಿಂಗ್ ಇರಬೇಕು ಎಂದು ಇನ್ನೊಂದು ದಿನ. ಮೂರನೇ ದಿನ ಕಾರ್ಡನ್ನು ಮನೆಯ ಕಂಪ್ಯೂಟರಿಗೆ ಹಾಕಿದರೆ ಥಟ್ಟನೆ ಬಂತು! ವಾಪಸ್ ಸಂಘಕ್ಕೆ ಹೋಗಿ ಮುಚ್ಚಳ ತೆಗೆದು ನೆಲದ ಮೇಲೆ ಮಗುಚಿ ಇಟ್ಟಾಗ, ಅದರ ಒಳಬದಿಗೆ ಅಂಟಿಸಿದ್ದ ಚೀಟಿ ಕಣ್ಣಿಗೆ ಬಿತ್ತು. ಬೋರ್ಡಿನ ನಕ್ಷೆ. ನಾನು ಕಾರ್ಡ್ ಹಾಕಿದ್ದ ರೈಸರಿನ (ಕಾರ್ಡ್ ಸ್ಲಾಟುಗಳಿರುವ ಸಣ್ಣ ಬೋರ್ಡಿನ) ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ಎರಡನೇ ಪ್ರೊಸೆಸರ್ ಇದ್ದರೆ ಮಾತ್ರ ಎಂದು ಬರೆದಿತ್ತು. 24 ರ‍್ಯಾಮ್ ಸ್ಲಾಟಿನಲ್ಲಿ 12ಕ್ಕೂ ಅದೇ ಮಾತು.

ಇದು ಯಾಕೆ ಹೀಗೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನನ್ನಂತೆ ಇನ್ನೂ ಹಳೆಯ ಸರ್ವರ್‌ಗಳಲ್ಲಿ ಕೈಯಾಡಿಸಿದವರು ಎಡವುವುದು ಇಲ್ಲೇ. 2008ರ ಸುಮಾರಿನ ಝಿಯಾನ್ 5400 ಸರ್ವರ್‌ಗಳಲ್ಲಿ ರ‍್ಯಾಮನ್ನು ನೋಡಿಕೊಳ್ಳುತ್ತಿದ್ದದ್ದು ಬೋರ್ಡಿನ ಮೇಲಿದ್ದ ಬೇರೊಂದು ಚಿಪ್. ಎರಡೂ ಪ್ರೊಸೆಸರ್ ಅದರ ಮೂಲಕವೇ ರ‍್ಯಾಮ್ ಮುಟ್ಟಬೇಕಿತ್ತು. ಹಾಗಾಗಿ ಒಂದೇ ಪ್ರೊಸೆಸರ್ ಇದ್ದರೂ ಎಲ್ಲ ಸ್ಲಾಟೂ ಕೆಲಸ ಮಾಡುತ್ತಿದ್ದವು. 2009ರಲ್ಲಿ ಝಿಯಾನ್ 5500 ಬಂದಾಗ ಇಂಟೆಲ್‌ನವರು ರ‍್ಯಾಮ್ ನೋಡಿಕೊಳ್ಳುವ ಭಾಗವನ್ನು ಪ್ರೊಸೆಸರಿನ ಒಳಗೇ ಇಟ್ಟರು. ಎಎಂಡಿಯವರು ಆಪ್ಟೆರಾನ್‌ನಲ್ಲಿ 2003ರಲ್ಲೇ ಹೀಗೆ ಮಾಡಿದ್ದರು. 2012ರ ಇ5-2600 ಸಾಲಿನಲ್ಲಿ ಕಾರ್ಡ್ ಸ್ಲಾಟುಗಳ ಪಿಸಿಐ ಎಕ್ಸ್‌ಪ್ರೆಸ್ ದಾರಿಗಳೂ ಪ್ರೊಸೆಸರಿನಿಂದಲೇ ಹೊರಡತೊಡಗಿದವು, ಒಂದೊಂದರಿಂದ 40. ಅಂದರೆ ಅರ್ಧ ಸ್ಲಾಟುಗಳ ತಂತಿ ನೇರವಾಗಿ ಎರಡನೇ ಸಾಕೆಟ್ಟಿಗೆ, ಅಂದರೆ ಎರಡನೇ ಪ್ರೊಸೆಸರ್ ಕೂರುವ ಜಾಗಕ್ಕೆ, ಹೋಗಿರುತ್ತದೆ. ಅಲ್ಲಿ ಪ್ರೊಸೆಸರ್ ಇಲ್ಲವೆಂದರೆ ಆ ತಂತಿಗಳ ಇನ್ನೊಂದು ತುದಿಯಲ್ಲಿ ಮಾತಾಡಲು ಯಾರೂ ಇಲ್ಲ. ಬಯೋಸ್‌ನಲ್ಲಿ ಏನು ಬದಲಿಸಿದರೂ ಆ ಸ್ಲಾಟ್‌ಗೆ ಜೀವ ಬರುವುದಿಲ್ಲ. ಖಾಲಿ ಸಾಕೆಟ್ಟಿನ ಕಾಟ ಹೊಸದೇನಲ್ಲ. 1998ರ ಪೆಂಟಿಯಮ್ 2 ಝಿಯಾನ್ ಸರ್ವರ್‌ಗಳಲ್ಲಿ ಖಾಲಿ ಪ್ರೊಸೆಸರ್ ಸ್ಲಾಟಿಗೆ ಟರ್ಮಿನೇಟರ್ ಎನ್ನುವ ಕಾರ್ಡ್ ಹಾಕಲೇಬೇಕಿತ್ತು.

ಸಂಘದ ಸೆಕ್ರೆಟರಿಯವರಿಗೆ ಇದನ್ನು ಹೇಳುವುದು ಕಷ್ಟವಾಯಿತು. "ಅಲ್ಲ ಮಾರಾಯ್ರೇ, ಜಾಗ ಖಾಲಿ ಇದ್ರೂ ಹಾಕೂಕೆ ಆಗೂದಿಲ್ಲ ಅಂದ್ರೆ ಎಂತ ಅರ್ಥ? ಜನರಲ್ ಬಾಡಿಯಲ್ಲಿ ನಾನು ಎಂತ ಹೇಳ್ಲಿ?" ಎಂದರು. ಅವರ ಪ್ರಶ್ನೆ ನ್ಯಾಯವಾದದ್ದು. ಹಾಗಾದರೆ ಎರಡನೇ ಪ್ರೊಸೆಸರ್ ಹಾಕಿಯೇ ಬಿಡೋಣ, ಅದೇನು ಮಹಾ ಬೆಲೆಯಲ್ಲ ಎಂದು ನಾನು ಮಾತು ಕೊಟ್ಟೆ.

ಇಲ್ಲಿಂದ ಒಂದರ ಹಿಂದೆ ಒಂದು ಶುರುವಾಯಿತು. ಆನ್‌ಲೈನಲ್ಲಿ ತರಿಸಿದ ಪ್ರೊಸೆಸರಿನ ಮೇಲೆ ಇ5-2620 ವಿ2 ಎಂದಿತ್ತು. ಕೊನೆಯ ಆ ವಿ2 ಬಾಲವನ್ನು ದಯವಿಟ್ಟು ನೋಡಿ. ಅದು 2013ರ ಮುಂದಿನ ಪೀಳಿಗೆ. ಸಾಕೆಟ್ ಎರಡಕ್ಕೂ ಒಂದೇ, 2011 ಪಿನ್ನಿನದು. ಆರಾಮಾಗಿ ಕೂರುತ್ತದೆ, ಆದರೆ ಹಳೆಯದರ ಜೊತೆ ಒಂದೇ ಬೋರ್ಡಿನಲ್ಲಿ ಓಡುವುದಿಲ್ಲ. ಎರಡೂ ಒಂದೇ ಮಾಡೆಲ್ ಆಗಿರಬೇಕು. ಅದನ್ನು ವಾಪಸ್ ಕಳಿಸಿ ಸರಿಯಾದದ್ದು ತರಿಸಲು ಹದಿನೈದು ದಿನ. ಅಷ್ಟರಲ್ಲಿ ಗೊತ್ತಾಯಿತು, ಆ ಸಾಕೆಟ್ಟಿಗೆ ಬಿಸಿ ಇಳಿಸುವ ಬೇರೆ ಹೀಟ್‌ಸಿಂಕ್ ಬೇಕು, ಅದು ಆ ಮಾಡೆಲಿನದ್ದೇ ಆಗಬೇಕು. ಎರಡು ಫ್ಯಾನ್ ಕೂಡ ಕಡಿಮೆ ಇದ್ದವು. ಫ್ಯಾನ್ ಇರಬೇಕಾದ ಗೂಡಿನಲ್ಲಿ ಬರೀ ಪ್ಲಾಸ್ಟಿಕ್ ಡಬ್ಬ ತುರುಕಿದ್ದರು. ನಾನು ಕೊಳ್ಳುವಾಗ ಅದನ್ನೂ ಫ್ಯಾನ್ ಎಂದೇ ಎಣಿಸಿದ್ದೆ.

ಎಲ್ಲ ಕೂಡಿಸಿಕೊಂಡು ಒಂದು ಭಾನುವಾರ ಕೂತೆ. ಖಾಲಿ ಸಾಕೆಟ್ಟಿನ ಮೇಲಿದ್ದ ಡಮ್ಮಿ ಹೊದಿಕೆ ತೆಗೆದೆ. ಪಿನ್ನುಗಳನ್ನು ಕಾಯುವ ಕರಿ ಪ್ಲಾಸ್ಟಿಕ್ ಮುಚ್ಚಳ ಅಲ್ಲಿ ಇರಬೇಕಿತ್ತು, ಇರಲಿಲ್ಲ. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿದೆ. ಈ ಸಾಕೆಟ್ಟಿನಲ್ಲಿ ಪಿನ್ ಪ್ರೊಸೆಸರಿನ ಮೇಲಲ್ಲ, ಬೋರ್ಡಿನ ಮೇಲೆ ಇರುತ್ತದೆ. ಕೂದಲಿಗಿಂತ ಸ್ವಲ್ಪ ದಪ್ಪದವು, ಸಾಲಾಗಿ ಬಾಗಿ, ಗದ್ದೆಯ ನಾಟಿ ಸಾಲಿನ ಹಾಗೆ ಹೊಳೆಯುತ್ತವೆ. ಒಂದು ಮೂಲೆಯಲ್ಲಿ ಹೊಳಪು ತಪ್ಪಿತ್ತು. ಫೋಟೋ ತೆಗೆದು ದೊಡ್ಡದು ಮಾಡಿದೆ. ಮೂರು ಪಿನ್ ಮಲಗಿವೆ, ಒಂದು ಮುರಿದೇ ಹೋಗಿದೆ. ಸಾಕೆಟ್ಟಿನ ಕಬ್ಬಿಣದ ಚೌಕಟ್ಟಿನ ಅಂಚಿನಲ್ಲಿ ಒಣಗಿದ ಬೂದು ಬಣ್ಣದ, ಪ್ರೊಸೆಸರಿನ ಮೇಲೆ ಹಚ್ಚುವ ಥರ್ಮಲ್ ಪೇಸ್ಟ್.

ಆ ಪೇಸ್ಟ್ ನೋಡಿದಾಗ ನನಗೆ ಸಂಗತಿ ತಿಳಿಯಿತು. ಅಲ್ಲಿ ಹಿಂದೆ ಪ್ರೊಸೆಸರ್ ಇತ್ತು. ಯಾರೋ ಅದನ್ನು ಕಿತ್ತಿದ್ದಾರೆ, ಜೊತೆಗೆ ಹೀಟ್‌ಸಿಂಕ್, ಎರಡು ಫ್ಯಾನ್. ಕೀಳುವಾಗ ಪಿನ್ ಹಾಳಾಗಿದೆ. ಆಮೇಲೆ ಡಮ್ಮಿ ಮುಚ್ಚಿ "ಒಂದು ಪ್ರೊಸೆಸರ್ ಸರ್ವರ್, ಮುಂದೆ ಬೆಳೆಸಬಹುದು" ಎಂದು ಮಾರಿದ್ದಾರೆ. ಕಿತ್ತವರು ಅಂಗಡಿಯವರೋ ಅವರಿಗೆ ಮಾರಿದವರೋ ನಾನು ಹೇಳಲಾರೆ. ಆದರೆ ಮುಚ್ಚಳವಿಲ್ಲದ ಸಾಕೆಟ್ ಮಾರುವವರ ಕಣ್ಣಿಗೆ ಬಿದ್ದಿರಲಿಲ್ಲ ಎಂದರೆ ನಾನು ನಂಬುವುದಿಲ್ಲ. ಫೋನ್ ಮಾಡಿದಾಗ ಬಂದ ಉತ್ತರ ಇಷ್ಟೇ: "ಸರ್, ನೀವು ತಗೊಂಡಿದ್ದು ಸಿಂಗಲ್ ಪ್ರೊಸೆಸರ್ ಮಷಿನ್. ಅದು ಓಡ್ತಾ ಇದೆ ತಾನೇ?" ಟೆಸ್ಟಿಂಗ್ ವಾರಂಟಿ ಹದಿನೈದು ದಿನದ್ದು, ಅದು ಎಂದೋ ಮುಗಿದಿತ್ತು. ಬಿಲ್ಲಿನಲ್ಲಿ "ಯೂಸ್ಡ್ ಸರ್ವರ್, 1" ಎಂದು ಮಾತ್ರ ಇತ್ತು. ಸ್ಲಾಟಿನ ಲೆಕ್ಕ, ಎರಡನೇ ಸಾಕೆಟ್ಟಿನ ಮಾತು ಯಾವುದೂ ಬಿಲ್ಲಿನಲ್ಲಿ ಇರಲಿಲ್ಲ.

ರ‍್ಯಾಮಿನದ್ದೂ ಒಂದು ಪೆಟ್ಟು. ಇರುವ 32 ಜಿಬಿಗೆ 32 ಜಿಬಿಯ ಎರಡು ಸ್ಟಿಕ್ ಸೇರಿಸೋಣ ಎಂದು ತರಿಸಿದೆ. ಹಾಕಿ ಆನ್ ಮಾಡಿದರೆ ಪರದೆ ಕಪ್ಪು, ಮುಂದುಗಡೆ ಹಳದಿ ಲೈಟ್. ಹಳೆಯವು ರಿಜಿಸ್ಟರ್ಡ್, ಅಂದರೆ ಆರ್‌ಡಿಮ್. ಬಂದವು ಎಲ್‌ಆರ್‌ಡಿಮ್. ನೋಡಲು ಎರಡೂ ಒಂದೇ, ಡಿಡಿಆರ್3, ಸ್ಲಾಟಿಗೂ ಸರಿಯಾಗಿ ಕೂರುತ್ತವೆ. ಬೆರೆಸಿ ಹಾಕುವ ಹಾಗಿಲ್ಲ. ಲೇಬಲ್‌ನಲ್ಲಿ 12800 ಅಥವಾ 10600 ಎನ್ನುವ ಸಂಖ್ಯೆಯ ಬೆನ್ನಿಗೇ ಒಂದು ಅಕ್ಷರ ಇರುತ್ತದೆ. ಆರ್ ಇದ್ದರೆ ರಿಜಿಸ್ಟರ್ಡ್, ಎಲ್ ಇದ್ದರೆ ಎಲ್‌ಆರ್‌ಡಿಮ್, ಇ ಇದ್ದರೆ ಬಫರ್ ಇಲ್ಲದ ಇಸಿಸಿ (ತಪ್ಪನ್ನು ತಾನೇ ತಿದ್ದಿಕೊಳ್ಳುವ ಬಗೆ). ಮೂರರಲ್ಲಿ ಒಂದೇ ಜಾತಿ ಇರಬೇಕು. ಅಂಗಡಿಯವರು ಹೇಳಿದ 768 ಜಿಬಿಯ ಲೆಕ್ಕ ಕೂಡ 32 ಜಿಬಿಯ 24 ಎಲ್‌ಆರ್‌ಡಿಮ್ ಹಾಕಿದಾಗಿನದ್ದು. ಕೊನೆಗೆ ಹಳೆಯ ನಾಲ್ಕನ್ನೂ ಕಿತ್ತು ಹೊಸ ಎರಡರಲ್ಲೇ ಓಡಿಸಿದೆ.

ಕೊಳ್ಳುವಾಗ ಡಿಸ್ಕ್ ಹಾಕುವ ಬೇ ಎಂಟು ಎಂದು ಎಣಿಸಿದ್ದೆ, ಅದರಲ್ಲಿ ಐದು ಖಾಲಿ ಮುಖ ಮಾತ್ರ. ಡಿಸ್ಕ್ ಕೂರಿಸುವ ಟ್ರೇ ಬೇರೆ ಕೊಳ್ಳಬೇಕು, ಅದೂ ಆ ಮಾಡೆಲಿನದ್ದೇ. ಇದು ಸಣ್ಣ ಖರ್ಚು, ಬಿಡಿ. ದೊಡ್ಡ ತೊಂದರೆ ಕೊಟ್ಟದ್ದು ರೇಡ್ ಕಾರ್ಡಿನ, ಅಂದರೆ ಡಿಸ್ಕುಗಳನ್ನು ಒಟ್ಟಾಗಿ ನೋಡಿಕೊಳ್ಳುವ ಕಾರ್ಡಿನ, ಬ್ಯಾಟರಿ. ಕರೆಂಟ್ ಹೋದರೂ ಕಾರ್ಡಿನ ನೆನಪಿನಲ್ಲಿರುವ ಲೆಕ್ಕ ಉಳಿಯಲಿ ಎಂದು ಅದು ಇರುವುದು. ಅದು ಸತ್ತರೆ ಕಾರ್ಡ್ ತನ್ನಷ್ಟಕ್ಕೆ ಎಚ್ಚರ ವಹಿಸಿ, ಪ್ರತಿ ಬರಹವೂ ಡಿಸ್ಕಿಗೆ ಮುಟ್ಟಿದ ಮೇಲೆಯೇ ಆಯಿತು ಎನ್ನುತ್ತದೆ, ಹಾಗಾಗಿ ಎಲ್ಲ ನಿಧಾನವಾಗುತ್ತದೆ. ಮಾರ್ಚ್ ಕೊನೆಯ ವಾರ, ಕೌಂಟರಿನಲ್ಲಿ ಸಾಲು ನಿಂತಿದೆ, ಒಂದೊಂದು ರಸೀದಿಗೂ ಪರದೆ ಗಿರಗಿರ ತಿರುಗುತ್ತದೆ. ಹಳೆ ಸರ್ವರ್ ಅಲ್ವಾ, ಇಷ್ಟೇ ವೇಗ ಎಂದು ನಾನು ಎರಡು ದಿನ ಸುಮ್ಮನಿದ್ದೆ. ಬ್ಯಾಟರಿ ಬದಲಿಸಿದ ಮೇಲೆ ಸರಿಹೋಯಿತು. ಕೊಳ್ಳುವ ದಿನವೇ ರೇಡ್ ಕಾರ್ಡಿನ ಮೆನುವಿಗೆ ಹೋಗಿ ಬ್ಯಾಟರಿಯ ಸ್ಥಿತಿ ನೋಡಬೇಕಿತ್ತು, ಎರಡು ನಿಮಿಷದ ಕೆಲಸ.

ಸಾಫ್ಟ್‌ವೇರಿನ ಕಡೆಯಿಂದಲೂ ಒಂದು ಗೋಡೆ ಇದೆ. ಇ5-2600ರ ಮೊದಲೆರಡು ಪೀಳಿಗೆಗಳಲ್ಲಿ ಎವಿಎಕ್ಸ್ ಎನ್ನುವ ಲೆಕ್ಕದ ಆದೇಶಗಳ ಗುಂಪು ಇದೆ, ಅದರ ಮುಂದಿನ ಎವಿಎಕ್ಸ್2 ಇಲ್ಲ. ಅದು ಬಂದದ್ದು 2014ರ ವಿ3ಯಲ್ಲಿ. 2025ರಲ್ಲಿ ಬಂದ ರೆಡ್ ಹ್ಯಾಟ್ ಲಿನಕ್ಸ್ 10ಕ್ಕೆ ಎವಿಎಕ್ಸ್2 ಇಲ್ಲದೆ ಆಗುವುದೇ ಇಲ್ಲ. ಇನ್ನೂ ಹಿಂದಿನ ಝಿಯಾನ್ 5500, 5600 ಸರ್ವರ್‌ಗಳು ಈಗ ಮಣ್ಣಿನ ಬೆಲೆಗೆ ಸಿಗುತ್ತವೆ. ಅವುಗಳಲ್ಲಿ ಎವಿಎಕ್ಸ್ ಕೂಡ ಇಲ್ಲ. ಮೊಂಗೊಡಿಬಿ ಎನ್ನುವ ಡೇಟಾಬೇಸಿನ 5.0 ಓಡಿಸಲು ಹೋದರೇ ನಿಂತುಬಿಡುತ್ತದೆ. ನಿಮ್ಮ ಸಾಫ್ಟ್‌ವೇರ್ ಯಾವುದನ್ನು ಬೇಡುತ್ತದೆ ಎಂದು ಮೊದಲು ನೋಡಿಕೊಳ್ಳಿ. ಕರೆಂಟಿನದ್ದೂ ಲೆಕ್ಕಕ್ಕೆ ಸೇರಿಸಿ. ಒಂದೇ ಪ್ರೊಸೆಸರ್ ಇದ್ದು ಸುಮ್ಮನೆ ಕೂತಾಗಲೂ ನನ್ನ ಮೀಟರ್ 110 ವಾಟ್ ತೋರಿಸಿತು. ಹಗಲೂ ರಾತ್ರಿ ಓಡಿದರೆ ತಿಂಗಳಿಗೆ ಸುಮಾರು 80 ಯೂನಿಟ್.

ಇಷ್ಟೆಲ್ಲ ಹೇಳಿದರೂ ಹಳೆ ಸರ್ವರ್ ಕೊಳ್ಳಲೇಬೇಡಿ ಎಂದು ನಾನು ಹೇಳುವುದಿಲ್ಲ. ಕಡಿಮೆ ದುಡ್ಡಿಗೆ ಇಸಿಸಿ ರ‍್ಯಾಮ್, ಎರಡು ಪವರ್ ಸಪ್ಲೈ ಬೇರೆ ಎಲ್ಲೂ ಸಿಗುವುದಿಲ್ಲ. ಕೊಳ್ಳುವುದಾದರೆ ಎರಡೂ ಪ್ರೊಸೆಸರ್ ಕೂತಿರುವುದನ್ನೇ ಕೊಳ್ಳಿ. ಅಂಗಡಿಯಲ್ಲೇ ಆನ್ ಮಾಡಿಸಿ, ಎರಡರ ಹೆಸರೂ ಪರದೆಯ ಮೇಲೆ ಬರುವುದನ್ನು ನೋಡಿ. ಒಂದು ರ‍್ಯಾಮ್ ಸ್ಟಿಕ್ ತೆಗೆದು ಎರಡನೇ ಪ್ರೊಸೆಸರಿನ ಕಡೆಯ ಸ್ಲಾಟಿಗೆ ಹಾಕಿಸಿ ನೋಡಿ. ಒಂದು ಕಾರ್ಡನ್ನು ಎರಡೂ ರೈಸರಿನಲ್ಲಿ ಹಾಕಿಸಿ ನೋಡಿ. "ಅಷ್ಟೆಲ್ಲ ಟೈಮ್ ಇಲ್ಲ ಸರ್" ಎಂದರೆ ಪಕ್ಕದ ಅಂಗಡಿಗೆ ಹೋಗಿ. ಒಂದೇ ಪ್ರೊಸೆಸರಿನದ್ದು ಕೊಳ್ಳಲೇಬೇಕಾದ ಪರಿಸ್ಥಿತಿ ಇದ್ದರೆ ಖಾಲಿ ಸಾಕೆಟ್ ತೆರೆಸಿ, ಮುಚ್ಚಳ ಇದೆಯೇ ನೋಡಿ, ಟಾರ್ಚ್ ಬಿಟ್ಟು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಎರಡನೇ ಸಾಕೆಟ್ ಸುಸ್ಥಿತಿಯಲ್ಲಿದೆ ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ಎರಡನೇ ಪ್ರೊಸೆಸರ್, ಹೀಟ್‌ಸಿಂಕ್, ಫ್ಯಾನ್‌ಗಳ ದುಡ್ಡನ್ನು ನಾನು ಸಂಘದಿಂದ ತೆಗೆದುಕೊಳ್ಳಲಿಲ್ಲ. ಅವು ನನ್ನ ಕಪಾಟಿನಲ್ಲಿವೆ. 10 ಗಿಗಾಬಿಟ್ ಕಾರ್ಡನ್ನು ಜೀವ ಇರುವ ರೈಸರಿಗೆ ಬದಲಿಸಿದ ಮೇಲೆ ಅದು ಓಡುತ್ತಿದೆ, ಕ್ಯಾಮೆರಾ ರೆಕಾರ್ಡಿಂಗಿಗೆ ಮಾತ್ರ ಬೇರೆ ಪೆಟ್ಟಿಗೆ ಇಡಬೇಕಾಯಿತು. ಮಲಗಿದ ಪಿನ್ನುಗಳ ಆ ಫೋಟೋ ಇನ್ನೂ ನನ್ನ ಮೊಬೈಲಿನಲ್ಲಿದೆ. ಹಳೆ ಸರ್ವರ್ ನೋಡಲು ಎಸ್.ಪಿ. ರೋಡಿಗೆ ಹೊರಟಿದ್ದೇನೆ ಎಂದು ಯಾರಾದರೂ ಹೇಳಿದರೆ, ಬಸ್ಸು ಹತ್ತುವ ಮೊದಲೇ ಅದನ್ನು ಕಳಿಸುತ್ತೇನೆ.