ಹಳೆ ಎಸ್ಟೇಟ್ ಬಂಗಲೆಯನ್ನು ಹೋಂಸ್ಟೇ ಮಾಡಲು ಹೊರಟವರು ಒಂದು ಮಳೆಗಾಲ ಕಾಯಿರಿ

ಸಕಲೇಶಪುರದ ಕಡೆ ಕಾಫಿ ತೋಟದ ನಡುವಿನ ಹಳೆ ಬಂಗಲೆಯೊಂದನ್ನು ಎಂಟು ರೂಮಿನ ಹೋಂಸ್ಟೇ ಮಾಡಿ, ಮೊದಲ ಮಳೆಗಾಲದಲ್ಲೇ ಬೀಗ ಹಾಕಬೇಕಾಯಿತು. ಜನವರಿಯಲ್ಲಿ ಕೆಲಸ ಶುರು, ಮೇ ಕೊನೆಗೆ ಬಣ್ಣವೂ ಮುಗಿದಿತ್ತು. ಜುಲೈ ಅರ್ಧಕ್ಕೆ ಬರುವಷ್ಟರಲ್ಲಿ ಮೂರು ರೂಮಿನ ಗೋಡೆ ಉಬ್ಬಿತ್ತು. ದುಡ್ಡು ಸಾಲದೆ ಹೀಗಾದದ್ದಲ್ಲ, ಕೈಬಿಚ್ಚಿ ಖರ್ಚು ಮಾಡಿದ ಜಾಗದಲ್ಲೇ ಹೆಚ್ಚು ಹಾಳಾಯಿತು.

ಮೊದಲ ತಪ್ಪು ಸಿಮೆಂಟ್. ಎರಡು ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಅದರ ಮೇಲೆ ಸುಣ್ಣದ ಗಾರೆ. ಇಂಥ ಗೋಡೆಗೆ ತಳದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ತೇವ ಮೇಲೇರುತ್ತದೆ, ಸುಣ್ಣದ ಮೂಲಕ ಹೊರಬಂದು ಆರುತ್ತದೆ. ಅಷ್ಟು ವರ್ಷ ಆ ಗೋಡೆ ನಿಂತದ್ದೇ ಹಾಗೆ. ಕಂಟ್ರಾಕ್ಟರು ಗಾರೆ ಕೆತ್ತಿಸಿ ಒಂದಕ್ಕೆ ನಾಲ್ಕರ ಸಿಮೆಂಟ್ ಪ್ಲಾಸ್ಟರ್, ಪುಟ್ಟಿ, ಅದರ ಮೇಲೆ 'ನೀರು ಹಿಡಿಯದ' ಪೇಂಟ್ ಹೊಡೆಸಿದರು. ರೆಡ್ ಆಕ್ಸೈಡ್ ನೆಲದ ಮೇಲೆ ವಿಟ್ರಿಫೈಡ್ ಟೈಲ್ಸ್ ಕೂರಿಸಿದರು. ನೆಲದಲ್ಲಿ ಆರುತ್ತಿದ್ದ ತೇವಕ್ಕೂ ದಾರಿ ಮುಚ್ಚಿ, ಅದೂ ಗೋಡೆಗೇ ಹೋಯಿತು. ಮೂರಡಿ ಎತ್ತರಕ್ಕೆ ಬಿಳಿ ಉಪ್ಪು ಎದ್ದು, ಪ್ಲಾಸ್ಟರ್ ಹಲಗೆ ಹಲಗೆಯಾಗಿ ಕಳಚಿತು. ಅದಕ್ಕಿಂತ ಭಯ ಹುಟ್ಟಿಸಿದ್ದು ತೊಲೆಗಳು. ಗೋಡೆಯೊಳಗೆ ಕೂತ ತೊಲೆಯ ತುದಿಗೆ ಸುತ್ತಲೂ ಸಿಮೆಂಟ್ ತುಂಬಿಸಿದ್ದರು. ಬಡಗಿ ಅಲ್ಲಿ ಸ್ಕ್ರೂಡ್ರೈವರ್ ಒತ್ತಿದಾಗ ಅದು ಒಂದು ಇಂಚು ಸಲೀಸಾಗಿ ಇಳಿಯಿತು. ಹೊರಗೆ ಕಾಣುವ ಭಾಗ ಮಾತ್ರ ಪಾಲಿಷ್ ಹೊಡೆದು ಹೊಳೆಯುತ್ತಿತ್ತು.

ಎರಡನೆಯದು ಮಹಡಿಯ ಬಾತ್‌ರೂಮ್. ಮರದ ಜಂತಿಯ ಮೇಲೆ 8 ಅಡಿಗೆ 5 ಅಡಿಯ ಬಾತ್‌ರೂಮ್ ಕಟ್ಟಿ, ಪೈಪ್ ಮುಚ್ಚಲು ಎಂಟು ಇಂಚು ಇಟ್ಟಿಗೆಚೂರು ತುಂಬಿದರೆ, ಆ ಭರ್ತಿಯ ಭಾರವೇ ಒಂದೂಕಾಲು ಟನ್ನಿನಷ್ಟು. ಗೋಡೆ, ಟೈಲ್ಸ್, ನೀರು ಬೇರೆ. ಜಂತಿ ಸ್ವಲ್ಪ ಬಾಗಿದರೂ ಸಾಕು, ವಾಟರ್‌ಪ್ರೂಫಿಂಗ್ ಬಿರಿಯುತ್ತದೆ. ಕೆಳಗೆ ಜಿಪ್ಸಮ್ ಸೀಲಿಂಗ್ ಇದ್ದರೆ ಕಂದು ಕಲೆ ಕಾಣಿಸುವ ಹೊತ್ತಿಗೆ ಮರ ಕೊಳೆತಾಗಿರುತ್ತದೆ. ಬಾತ್‌ರೂಮ್ ಬೇಕೇ ಬೇಕೆಂದರೆ ಕೆಳಗಿನ ರೂಮುಗಳಿಗೆ ಮಾತ್ರ ಮಾಡಿ. ಅದನ್ನೂ ಮನೆಯ ಹಿಂದೆ, ಬೇರೆ ಪಾಯದ ಮೇಲೆ, ಹಳೆ ಗೋಡೆಗೆ ತಾಗದಂತೆ ಕಟ್ಟಿ. ಮಹಡಿಯನ್ನು ಓದುವ ಕೋಣೆಯಾಗಿ ಬಿಟ್ಟುಬಿಡಿ. ಎರಡು ರೂಮಿನ ಬಾಡಿಗೆ ಹೋದರೂ ಮನೆ ಉಳಿಯುತ್ತದೆ.

ಹೆಂಚಿನ ವಿಷಯ. ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15 ಬೇಕು. ಒಡೆದದ್ದಕ್ಕೆ ಬದಲಿ ತರುವಾಗ ಅದೇ ಕಾರ್ಖಾನೆಯ ಅಚ್ಚು ನೋಡಿ ತನ್ನಿ. ಬೇರೆ ಬೇರೆ ಕಾರ್ಖಾನೆಯ ಹೆಂಚಿನ ಹಲ್ಲು ಒಂದಕ್ಕೊಂದು ಕೂರುವುದಿಲ್ಲ, ಗಾಳಿಮಳೆಗೆ ಅಲ್ಲೇ ನೀರು ನುಗ್ಗುತ್ತದೆ. ಬಾಸೆಲ್ ಮಿಷನ್ ಹೆಂಚಿನ ಮೇಲೆ 1865 ಎಂದಿದ್ದರೆ ಅದು ಮಂಗಳೂರಿನಲ್ಲಿ ಅವರ ಕಾರ್ಖಾನೆ ಶುರುವಾದ ವರ್ಷ. ಅದನ್ನೇ ಮನೆಯ ವಯಸ್ಸೆಂದು ಬೋರ್ಡಿನಲ್ಲಿ ಬರೆಸಬೇಡಿ.

ನೀರಿನ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಹೋಟೆಲಿಗೆ ತಲೆಗೆ ದಿನಕ್ಕೆ 180 ಲೀಟರ್ ಹಿಡಿಯುತ್ತಾರೆ. ಇಪ್ಪತ್ತು ಜನರಿಗೆ 3,600 ಲೀಟರ್, ಬೆಡ್‌ಶೀಟ್ ಒಗೆಯುವುದು ಬೇರೆ. ಅದೇ ಬೇಸಿಗೆಯಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಕೈಕೊಟ್ಟರೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಲೇಬೇಕು. ಒಂದು ಎಕರೆಗೆ ಒಂದು ಇಂಚು ನೀರು ಕೊಡುವುದೆಂದರೆ ಒಂದು ಲಕ್ಷ ಲೀಟರ್. ಕೆರೆ ಒಂದೇ, ಕೇಳುವವರು ಇಬ್ಬರು. ಏಪ್ರಿಲ್ ಕೊನೆಯಲ್ಲಿ ಬಾವಿಯ ನೀರು ಎಷ್ಟು ಅಡಿ ಇರುತ್ತದೆ ಎಂಬುದನ್ನು ದಲ್ಲಾಳಿಯ ಹತ್ತಿರ ಕೇಳಬೇಡಿ, ಲೈನ್ ಮನೆಯಲ್ಲಿರುವ (ತೋಟದ ಕೆಲಸಗಾರರ ಸಾಲುಮನೆ) ಹಳಬರನ್ನು ಕೇಳಿ.

ಪಾರ್ಕಿಂಗಿಗೆಂದು ಮನೆಯ ಹಿಂದೆ ಜೆಸಿಬಿಯಲ್ಲಿ ಹನ್ನೆರಡು ಅಡಿ ಧರೆಯನ್ನು ನೆಟ್ಟಗೆ ಕಡಿಸಿದ್ದರು. ಕಟ್ಟಿದ ತಡೆಗೋಡೆಗೆ ನೀರು ಹೋಗುವ ಕಂಡಿ ಇರಲಿಲ್ಲ, ಹಿಂದೆ ಜಲ್ಲಿಯೂ ಇರಲಿಲ್ಲ. ನೆನೆದ ಮಣ್ಣಿನ ಭಾರಕ್ಕೆ ಗೋಡೆ ಹೊಟ್ಟೆ ಬಿಟ್ಟಿತು. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತ ಗುಡ್ಡಗಳು ಜರಿದದ್ದನ್ನು ಕಂಡ ಮೇಲೂ ಇಳಿಜಾರನ್ನು ಹೀಗೆ ಕಡಿಯುವುದು ಜೀವದ ಜೊತೆ ಆಟ. ಕಾರುಗಳು ಕಾಫಿ ಕಣದಲ್ಲೇ ನಿಲ್ಲಲಿ.

ಇನ್ನು ಕಾಗದಪತ್ರ. ತೋಟದ ಜಮೀನಿಗೆ ಭೂಸುಧಾರಣಾ ಕಾಯ್ದೆಯ ಭೂಮಿತಿಯಿಂದ ವಿನಾಯಿತಿ ಸಿಗುವುದು ಅದು ತೋಟವಾಗಿರುವುದರಿಂದ. ಕಟ್ಟಡ ಮೊದಲೇ ಇದೆ ಎಂದ ಮಾತ್ರಕ್ಕೆ ವಾಣಿಜ್ಯ ಬಳಕೆಗೆ ಭೂಪರಿವರ್ತನೆ ಆಗಿದೆ ಎಂದಲ್ಲ, ಪಹಣಿ ತೆಗೆಸಿ ನೋಡಿ. ಕೇಂದ್ರದ ಹೋಂಸ್ಟೇ ಯೋಜನೆಯಲ್ಲಿ ಆರು ರೂಮು, ಹನ್ನೆರಡು ಹಾಸಿಗೆಯೇ ಮಿತಿ, ಮಾಲೀಕರ ಮನೆಯವರು ಅಲ್ಲೇ ವಾಸವಿರಬೇಕು. ಎಂಟು ರೂಮು ಎಂದಾಗಲೇ ಆ ಲೆಕ್ಕ ತಪ್ಪಿತ್ತು. ಕೊಡಗಿನ ಜಮ್ಮಾ ಜಾಗವಾದರೆ (ಇಡೀ ಕುಟುಂಬಕ್ಕೆ ಸೇರಿದ ವಂಶಪಾರಂಪರ್ಯದ ಜಮೀನು) ದಾಖಲೆಯಲ್ಲಿ ಹೆಸರಿರುವ ಪಟ್ಟೆದಾರರೊಬ್ಬರ ಸಹಿ ನಂಬಿ ಮುಂಗಡ ಕೊಡಬೇಡಿ, ಒಕ್ಕದ, ಅಂದರೆ ಆ ಮನೆತನದ, ಹಕ್ಕುದಾರರೆಲ್ಲರ ಒಪ್ಪಿಗೆ ಪಡೆಯಿರಿ.

ಸಿಮೆಂಟ್ ಹೊಡೆದಾಗಿದ್ದರೂ ದಾರಿಯಿದೆ. ಮಳೆ ನಿಂತ ಮೇಲೆ ಪೂರಾ ಕೆತ್ತಿಸಿ, ಬೇಸಿಗೆಯವರೆಗೂ ಗೋಡೆಯನ್ನು ಬರಿಮೈಯಲ್ಲಿ ಆರಲು ಬಿಡಿ. ಮೇಲೇಳುವ ಉಪ್ಪನ್ನು ಒಣ ಬ್ರಶ್ಶಿನಲ್ಲಿ ಗುಡಿಸಿ, ನೀರು ಹಾಕಿ ತೊಳೆಯಬೇಡಿ. ಆಮೇಲೆ ಕೆಲವು ವಾರ ನೀರಿನಲ್ಲಿ ಕಳಿತ ಸುಣ್ಣ ಒಂದು ಪಾಲು, ಮರಳು ಮೂರು ಪಾಲು ಕಲಸಿ, ಒಂದು ಪದರ ಅರ್ಧ ಇಂಚು ಮೀರದಂತೆ ಗಾರೆ ಮಾಡಿಸಿ. ಒದ್ದೆ ಗೋಣಿ ಇಳಿಬಿಟ್ಟು ಒಂದು ವಾರ ನಿಧಾನವಾಗಿ ಆರಿಸಿ, ಮೇಲೆ ಸುಣ್ಣವನ್ನೇ ಬಳಿಯಿರಿ.

ಮನೆ ಈಗಷ್ಟೇ ಕೈಗೆ ಬಂದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಮೊಳೆಯನ್ನೂ ಹೊಡೆಯಬೇಡಿ. ಒಡೆದ ಹೆಂಚು ಬದಲಿಸಿ, ಮನೆ ಸುತ್ತಿನ ಚರಂಡಿಯ ಹೂಳು ತೆಗೆಸಿ, ಅಷ್ಟು ಸಾಕು. ವಾರಕ್ಕೊಮ್ಮೆ ಪ್ರತಿ ಗೋಡೆಯಲ್ಲಿ ತೇವ ಏರಿದ ಜಾಗಕ್ಕೆ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಇಂಜಿನಿಯರು ಬಂದಾಗ ಮೊದಲು ಆ ಗೆರೆಗಳನ್ನು ತೋರಿಸಿ, ರೂಮಿನ ನಕ್ಷೆ ಆಮೇಲೆ.